ಕ್ರಮಯೋಜನೆಯೋ, ವಿಕಲ್ಪವೋ: 596 ಬರಬೇಕಾದಲ್ಲಿ 1200 ಬರುವುದು ಹೇಗೆ?

ಪ್ರಶ್ನೆ: ಸರ್, ಕ್ರಮಯೋಜನೆ (ಕ್ರಮವಾಗಿ ಜೋಡಿಸುವುದು) ಮತ್ತು ವಿಕಲ್ಪ (ಕ್ರಮವಿಲ್ಲದೆ ಆರಿಸುವುದು) ಇವುಗಳ ಸೂತ್ರಗಳೆಲ್ಲ ನನಗೆ ಬಾಯಿಪಾಠವಾಗಿವೆ. ಆದರೆ ಲೆಕ್ಕ ಎದುರಾದಾಗ ಯಾವುದನ್ನು ಹಾಕಬೇಕೆಂದು ತೋಚುವುದಿಲ್ಲ. ಒಂದು ಉದಾಹರಣೆ: 7 ಪುರುಷರು ಮತ್ತು 5 ಮಹಿಳೆಯರಿಂದ 5 ಜನರ ಸಮಿತಿಯನ್ನು, ಅದರಲ್ಲಿ ಕನಿಷ್ಠ 2 ಮಹಿಳೆಯರಿರುವಂತೆ, ಎಷ್ಟು ರೀತಿಯಲ್ಲಿ ರಚಿಸಬಹುದು? ನಾನು ಮೊದಲು 5 ಮಹಿಳೆಯರಲ್ಲಿ ಇಬ್ಬರನ್ನು ಆರಿಸಿದೆ, ಅದಕ್ಕೆ 10 ರೀತಿ. ಆಮೇಲೆ ಉಳಿದ 10 ಜನರಲ್ಲಿ ಮೂವರನ್ನು ಆರಿಸಿದೆ, ಅದಕ್ಕೆ 120 ರೀತಿ. ಗುಣಿಸಿದರೆ 1200. ಪುಸ್ತಕದ ಉತ್ತರ 596. ಇನ್ನೊಂದು ಲೆಕ್ಕದಲ್ಲಿ 6 ಬೇರೆ ಬೇರೆ ಪುಸ್ತಕಗಳನ್ನು ಎರಡೆರಡರಂತೆ ಮೂರು ಗುಂಪು ಮಾಡಬೇಕಿತ್ತು. ನನಗೆ 90 ಬಂತು, ಪುಸ್ತಕದಲ್ಲಿ 15 ಇದೆ. ಒಂದೇ ತೆರನಾದ 10 ಪೆನ್ನುಗಳನ್ನು 4 ಮಕ್ಕಳಿಗೆ ಹಂಚುವ ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯಲಿಲ್ಲ. ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ಮೂರು ಲೆಕ್ಕಗಳೂ ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಮೂರರಲ್ಲಿಯೂ ಎಡವಿಸುವ ಕಲ್ಲು ಒಂದೇ. "ಕ್ರಮಕ್ಕೆ ಮಹತ್ವವಿದ್ದರೆ ಕ್ರಮಯೋಜನೆ, ಇಲ್ಲದಿದ್ದರೆ ವಿಕಲ್ಪ" ಎಂಬ ಮಾತನ್ನು ಎಲ್ಲ ಕಡೆಯೂ ಹೇಳಿಕೊಡುತ್ತಾರೆ. ಆ ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ. ನಿಮ್ಮ ಸಮಿತಿಯ ಲೆಕ್ಕದಲ್ಲಿ ನೀವು ಎರಡೂ ಹಂತಗಳಲ್ಲಿ ವಿಕಲ್ಪವನ್ನೇ ಬಳಸಿದ್ದೀರಿ, ಕ್ರಮವನ್ನು ಎಲ್ಲಿಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ನಿಮಗೆ ಅನಿಸಿದೆ, ಆದರೂ ಉತ್ತರ ಇಮ್ಮಡಿಗಿಂತ ಹೆಚ್ಚಾಗಿದೆ. ಆದ್ದರಿಂದ ಸೂತ್ರವನ್ನು ಹುಡುಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯದೇ ಇದೆ: ಈ ಲೆಕ್ಕದಲ್ಲಿ ಯಾವ ಎರಡು ಫಲಿತಾಂಶಗಳನ್ನು ಒಂದೇ ಎಂದು ಪರಿಗಣಿಸಬೇಕು, ಮತ್ತು ನಾನು ಎಣಿಸುತ್ತಿರುವ ಕ್ರಮದಲ್ಲಿ ಅಂಥ ಒಂದು ಫಲಿತಾಂಶ ಎಷ್ಟು ಬಾರಿ ಎಣಿಕೆಗೆ ಬರುತ್ತಿದೆ?

ಇದನ್ನು ಬುಡದಿಂದಲೇ ನೋಡೋಣ. ಎಣಿಕೆಯ ಮೂಲತತ್ವವು ಹೇಳುವುದಿಷ್ಟೆ: ಒಂದು ಕೆಲಸದ ಮೊದಲ ಹಂತವನ್ನು ಇಷ್ಟು ರೀತಿಯಲ್ಲಿ, ಎರಡನೆಯ ಹಂತವನ್ನು ಇಷ್ಟು ರೀತಿಯಲ್ಲಿ ಮಾಡಬಹುದಾದರೆ ಇಡೀ ಕೆಲಸವನ್ನು ಅವೆರಡರ ಗುಣಲಬ್ಧದಷ್ಟು ರೀತಿಯಲ್ಲಿ ಮಾಡಬಹುದು. ಇದಕ್ಕೆ ಎರಡು ಷರತ್ತುಗಳಿವೆ. ಮೊದಲನೆಯ ಹಂತದಲ್ಲಿ ಏನನ್ನೇ ಆರಿಸಿದರೂ ಎರಡನೆಯ ಹಂತದಲ್ಲಿ ಉಳಿಯುವ ಆಯ್ಕೆಗಳ ಸಂಖ್ಯೆ ಬದಲಾಗಬಾರದು ಎಂಬುದು ಒಂದು. ಇದನ್ನು ಹೆಚ್ಚಿನವರು ಸಹಜವಾಗಿಯೇ ಪಾಲಿಸುತ್ತಾರೆ. ಕೊನೆಗೆ ಸಿಗುವ ಪ್ರತಿಯೊಂದು ಫಲಿತಾಂಶಕ್ಕೂ ತಲುಪುವ ದಾರಿ ಒಂದೇ ಒಂದು ಇರಬೇಕು ಎಂಬುದು ಇನ್ನೊಂದು. ಪಠ್ಯಪುಸ್ತಕಗಳು ಓಡುನಡೆಯಲ್ಲಿ ದಾಟಿಬಿಡುವುದು ಈ ಎರಡನೆಯದನ್ನು, ವಿದ್ಯಾರ್ಥಿಗಳ ಅಂಕ ಹೋಗುವುದೂ ಇಲ್ಲಿಯೇ. ಗುಣಾಕಾರವು ಎಣಿಸುವುದು ದಾರಿಗಳನ್ನು. ನಮಗೆ ಬೇಕಾದದ್ದು ಫಲಿತಾಂಶಗಳು. ಎರಡೂ ಒಂದೇ ಆಗಿದ್ದಾಗ ಮಾತ್ರ ಗುಣಿಸಿದ ಕೂಡಲೇ ಲೆಕ್ಕ ಮುಗಿಯುತ್ತದೆ.

ಅ, ಆ, ಇ, ಈ, ಉ ಎಂಬ ಐದು ಜನರಿದ್ದಾರೆಂದು ಇಟ್ಟುಕೊಳ್ಳಿ. ಇವರಿಂದ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿಯನ್ನು ಆರಿಸಲು 5 × 4 × 3 = 60 ರೀತಿಗಳಿವೆ. ಇಲ್ಲಿ ಅ ಅಧ್ಯಕ್ಷನಾಗಿ ಇ ಕಾರ್ಯದರ್ಶಿಯಾಗುವುದೂ, ಇ ಅಧ್ಯಕ್ಷನಾಗಿ ಅ ಕಾರ್ಯದರ್ಶಿಯಾಗುವುದೂ ಎರಡು ಬೇರೆ ಫಲಿತಾಂಶಗಳು, ಆದ್ದರಿಂದ ದಾರಿಯೊಂದಕ್ಕೆ ಫಲಿತಾಂಶವೊಂದು. ಇದೇ ಐದು ಜನರಿಂದ ಹುದ್ದೆಗಳಿಲ್ಲದ ಮೂವರ ಸಮಿತಿ ಬೇಕಿದ್ದರೆ ಅದೇ 60 ದಾರಿಗಳಲ್ಲಿ ಅ-ಇ-ಉ, ಅ-ಉ-ಇ, ಇ-ಅ-ಉ, ಇ-ಉ-ಅ, ಉ-ಅ-ಇ, ಉ-ಇ-ಅ ಎಂಬ ಆರು ದಾರಿಗಳು ಒಂದೇ ಸಮಿತಿಗೆ ಬಂದು ಸೇರುತ್ತವೆ. ಯಾವ ಮೂವರನ್ನು ತೆಗೆದುಕೊಂಡರೂ ಈ ಆರು ಎಂಬ ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ 60ನ್ನು 6ರಿಂದ ಭಾಗಿಸಿ 10 ಸಮಿತಿಗಳು ಎನ್ನುತ್ತೇವೆ. ವಿಕಲ್ಪದ ಸೂತ್ರವೆಂದರೆ ಇಷ್ಟೇ: ಕ್ರಮಯೋಜನೆಯ ಸಂಖ್ಯೆಯನ್ನು, ಪ್ರತಿ ಆಯ್ಕೆಯೂ ಎಷ್ಟು ಬಾರಿ ಮರುಎಣಿಕೆಯಾಗಿದೆಯೋ ಅಷ್ಟರಿಂದ ಭಾಗಿಸಿದ್ದು. ಎರಡನ್ನೂ ಪ್ರತ್ಯೇಕ ಸೂತ್ರಗಳೆಂದು ಬಾಯಿಪಾಠ ಮಾಡಿದವರಿಗೆ ಈ ಭಾಗಾಕಾರ ಎಲ್ಲಿಂದ ಬಂತು ಎಂಬುದು ಮರೆತುಹೋಗುತ್ತದೆ, ಮತ್ತು ಅದು ಎಲ್ಲಿ ಸಲ್ಲುವುದಿಲ್ಲ ಎಂಬುದೂ ಕಾಣುವುದಿಲ್ಲ.

ಲೆಕ್ಕ ಮಾಡುವ ಬಗೆಯ ಕುರಿತು ಒಂದು ಮಾತು. 9ನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಈ ನಿಯಮವನ್ನು ಎರಡು ಸಾಲುಗಳ ರೂಪದಲ್ಲಿ ಕೊಟ್ಟಿದ್ದಾರೆ: ಮೇಲಿನ ಸಾಲಿನಲ್ಲಿ 1ರಿಂದ ಆರಂಭಿಸಿ ಒಟ್ಟು ವಸ್ತುಗಳ ಸಂಖ್ಯೆಯವರೆಗೆ ಏರಿಕೆಯಲ್ಲಿ, ಕೆಳಗಿನ ಸಾಲಿನಲ್ಲಿ ಅವನ್ನೇ ಇಳಿಕೆಯಲ್ಲಿ ಬರೆದು, ಬಲತುದಿಯಿಂದ ಬೇಕಾದಷ್ಟು ಸಂಖ್ಯೆಗಳನ್ನು ತೆಗೆದುಕೊಂಡು ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸುವುದು. 12 ಜನರಿಂದ 5 ಮಂದಿಯನ್ನು ಆಯಬೇಕಾದರೆ ಬಲದಿಂದ ಮೇಲೆ 12, 11, 10, 9, 8 ಮತ್ತು ಕೆಳಗೆ 1, 2, 3, 4, 5 ಸಿಗುತ್ತವೆ, ಅಂದರೆ 95040 ÷ 120 = 792. 5! = 5 × 4 × 3 × 2 × 1 ಎಂಬಂಥ ದೊಡ್ಡ ದೊಡ್ಡ ಫ್ಯಾಕ್ಟೋರಿಯಲ್‌ಗಳನ್ನು ಬರೆದು ಆಮೇಲೆ ಹೊಡೆದುಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನೂ ಸುಲಭವಾಗಬೇಕಾದರೆ ಒಂದು ಗುಣಾಕಾರ, ಒಂದು ಭಾಗಾಕಾರ ಹೀಗೆ ಸರದಿಯಲ್ಲಿ ಮಾಡುತ್ತ ಹೋಗಿ: 12, ಅದನ್ನು 11ರಿಂದ ಗುಣಿಸಿ 2ರಿಂದ ಭಾಗಿಸಿದರೆ 66, ಮುಂದೆ 220, 495, 792. ನಡುವೆ ಎಲ್ಲಿಯೂ ಭಿನ್ನರಾಶಿ ಬರುವುದಿಲ್ಲ, ಏಕೆಂದರೆ ದಾರಿಯಲ್ಲಿ ಸಿಗುವ ಪ್ರತಿ ಸಂಖ್ಯೆಯೂ 12ರಿಂದ ಒಂದನ್ನು, ಎರಡನ್ನು, ಮೂರನ್ನು ಆಯುವ ರೀತಿಗಳ ಸಂಖ್ಯೆಯೇ ಆಗಿರುತ್ತದೆ.

ಈಗ ನಿಮ್ಮ 1200ಕ್ಕೆ ಬರೋಣ. ಅದನ್ನು ತಪ್ಪು ಉತ್ತರವೆಂದು ಹೊಡೆದುಹಾಕುವ ಬದಲು ಅದರೊಳಗೆ ಏನಿದೆ ಎಂದು ಬಿಚ್ಚಿ ನೋಡುವುದು ಹೆಚ್ಚು ಪ್ರಯೋಜನಕಾರಿ. ಐವರು ಮಹಿಳೆಯರಲ್ಲಿ ಅನಿತಾ, ಭಾರತಿ, ಚಂದ್ರಿಕಾ ಎಂಬ ಮೂವರೂ, ಪುರುಷರಲ್ಲಿ ರಾಮ, ಸೋಮ ಎಂಬ ಇಬ್ಬರೂ ಇರುವ ಒಂದು ಸಮಿತಿಯನ್ನು ಗಮನಿಸಿ. ನೀವು ಮೊದಲ ಹಂತದಲ್ಲಿ ಅನಿತಾ ಮತ್ತು ಭಾರತಿಯನ್ನು ಆರಿಸಿ, ಎರಡನೆಯ ಹಂತದಲ್ಲಿ ಚಂದ್ರಿಕಾ, ರಾಮ, ಸೋಮರನ್ನು ಸೇರಿಸಿಕೊಂಡರೆ ಈ ಸಮಿತಿ ಸಿಗುತ್ತದೆ. ಮೊದಲು ಅನಿತಾ ಮತ್ತು ಚಂದ್ರಿಕಾರನ್ನು ಆರಿಸಿ ಆಮೇಲೆ ಭಾರತಿ, ರಾಮ, ಸೋಮರನ್ನು ಸೇರಿಸಿಕೊಂಡರೂ ಇದೇ ಸಮಿತಿ. ಭಾರತಿ ಮತ್ತು ಚಂದ್ರಿಕಾರಿಂದ ಆರಂಭಿಸಿದರೂ ಇದೇ. ಒಂದು ಸಮಿತಿ, ಮೂರು ದಾರಿ. ಎರಡೂ ಹಂತಗಳ ಒಳಗೆ ನೀವು ಕ್ರಮವನ್ನು ಬಿಟ್ಟಿದ್ದೀರಿ ನಿಜ, ಆದರೆ "ಮೊದಲ ಹಂತದಲ್ಲಿ ಬಂದವರು", "ಎರಡನೆಯ ಹಂತದಲ್ಲಿ ಬಂದವರು" ಎಂಬ ಭೇದವನ್ನು ನಿಮಗೆ ಅರಿವಿಲ್ಲದೆಯೇ ಉಳಿಸಿಕೊಂಡಿದ್ದೀರಿ. ಸಮಿತಿಗೆ ಆ ಭೇದ ಗೊತ್ತಿಲ್ಲ.

ಸಮಿತಿಯಲ್ಲಿ ಸರಿಯಾಗಿ ಇಬ್ಬರು ಮಹಿಳೆಯರಿದ್ದರೆ ದಾರಿ ಒಂದೇ. ಮೂವರಿದ್ದರೆ ಮೂರು, ನಾಲ್ವರಿದ್ದರೆ ಆರು, ಐವರಿದ್ದರೆ ಹತ್ತು, ಏಕೆಂದರೆ ಇರುವ ಮಹಿಳೆಯರಲ್ಲಿ "ಮೊದಲು ಬಂದ ಇಬ್ಬರು" ಯಾರೆಂಬುದನ್ನು ಅಷ್ಟು ರೀತಿಯಲ್ಲಿ ಗುರುತಿಸಬಹುದು. ಇನ್ನು ಅಂಥ ಸಮಿತಿಗಳು ತಲಾ ಎಷ್ಟಿವೆ ಎಂದು ನೋಡಿ. ಇಬ್ಬರು ಮಹಿಳೆಯರು ಮತ್ತು ಮೂವರು ಪುರುಷರಿರುವ ಸಮಿತಿಗಳು 10 × 35 = 350. ಮೂವರು ಮಹಿಳೆಯರು, ಇಬ್ಬರು ಪುರುಷರಿರುವವು 10 × 21 = 210. ನಾಲ್ವರು ಮಹಿಳೆಯರು, ಒಬ್ಬ ಪುರುಷನಿರುವವು 5 × 7 = 35. ಐವರೂ ಮಹಿಳೆಯರೇ ಇರುವುದು 1. ಕೂಡಿದರೆ 596, ಪುಸ್ತಕದ ಉತ್ತರ. ಇವನ್ನೇ ಅವುಗಳ ದಾರಿಗಳ ಸಂಖ್ಯೆಯಿಂದ ಗುಣಿಸಿ ಕೂಡಿ: 350 × 1 + 210 × 3 + 35 × 6 + 1 × 10, ಅಂದರೆ 350 + 630 + 210 + 10. ಮೊತ್ತ 1200. ನಿಮ್ಮ ಉತ್ತರದ ಒಂದೊಂದು ಘಟಕವೂ ಎಲ್ಲಿಂದ ಬಂತೆಂಬುದು ಹೀಗೆ ಲೆಕ್ಕಕ್ಕೆ ಸಿಕ್ಕಿತು. 1200 ಎಂಬುದು ವಾಸ್ತವವಾಗಿ ಬೇರೊಂದು ಪ್ರಶ್ನೆಯ ಸರಿಯಾದ ಉತ್ತರ: 5 ಜನರ ಸಮಿತಿಯನ್ನು ರಚಿಸಿ ಅದರೊಳಗಿನ ಇಬ್ಬರು ಮಹಿಳೆಯರನ್ನು ಜಂಟಿ ಸಂಚಾಲಕಿಯರೆಂದು ನೇಮಿಸುವುದು ಎಷ್ಟು ರೀತಿಯಲ್ಲಿ ಸಾಧ್ಯ ಎಂದು ಯಾರಾದರೂ ಕೇಳಿದ್ದರೆ ನೀವು ಪೂರ್ಣ ಅಂಕ ಪಡೆಯುತ್ತಿದ್ದಿರಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೂವರ ಸಮಿತಿಯಲ್ಲಿ 60ನ್ನು 6ರಿಂದ ಭಾಗಿಸಿ ಸರಿಪಡಿಸಿದಂತೆ ಇಲ್ಲಿ 1200ನ್ನು ಯಾವುದರಿಂದಲಾದರೂ ಭಾಗಿಸಿ ಸರಿಪಡಿಸಲು ಬರುವುದಿಲ್ಲ. ಅಲ್ಲಿ ಪ್ರತಿ ಫಲಿತಾಂಶವೂ ಸಮನಾಗಿ ಆರಾರು ಬಾರಿ ಎಣಿಕೆಯಾಗಿತ್ತು. ಇಲ್ಲಿ ಕೆಲವು ಒಂದು ಬಾರಿ, ಕೆಲವು ಮೂರು, ಆರು, ಹತ್ತು ಬಾರಿ ಎಣಿಕೆಯಾಗಿವೆ. ಮರುಎಣಿಕೆ ಸಮನಾಗಿದ್ದರೆ ಭಾಗಾಕಾರ, ಸಮನಾಗಿಲ್ಲದಿದ್ದರೆ ಪ್ರಕರಣಗಳಾಗಿ ಬಿಡಿಸಿ ಕೂಡುವುದು ಅಥವಾ ಬೇಡವಾದದ್ದನ್ನು ಕಳೆಯುವುದು. ಇವುಗಳನ್ನು ಬಿಟ್ಟು ಬೇರೆ ದಾರಿಯನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದಿಲ್ಲ. ಕಳೆಯುವ ವಿಧಾನದಲ್ಲಿ ನಿಮ್ಮ ಲೆಕ್ಕ ಹೀಗಾಗುತ್ತದೆ: ಒಟ್ಟು ಸಮಿತಿಗಳು 792, ಮಹಿಳೆಯರೇ ಇಲ್ಲದವು 21, ಒಬ್ಬರೇ ಮಹಿಳೆ ಇರುವವು 5 × 35 = 175. 792ರಲ್ಲಿ 196 ಕಳೆದರೆ 596. ಎರಡು ಬೇರೆ ವಿಧಾನಗಳಲ್ಲಿ ಒಂದೇ ಸಂಖ್ಯೆ ಬಂದದ್ದು ಉತ್ತರವನ್ನು ನಂಬಲು ಒಳ್ಳೆಯ ಕಾರಣ.

"ಕನಿಷ್ಠ" ಎಂಬ ಪದ ಕಂಡಾಗಲೆಲ್ಲ ಇಂಥ ತಪ್ಪಿನ ಆಸೆ ಹುಟ್ಟುತ್ತದೆ, ಏಕೆಂದರೆ ಮೊದಲು ಷರತ್ತನ್ನು ಪೂರೈಸಿಬಿಟ್ಟು ಆಮೇಲೆ ಉಳಿದದ್ದನ್ನು ಮನಸ್ಸಿಗೆ ಬಂದಂತೆ ತುಂಬಿಸುವುದು ಸಹಜವಾಗಿ ಕಾಣುತ್ತದೆ. ತಪ್ಪು ಹಿಡಿಯಲು ನಾನು ಸೂಚಿಸುವ ಪರೀಕ್ಷೆ ಇದು: ನಿಮ್ಮ ವಿಧಾನದಲ್ಲಿ ಸಿದ್ಧವಾದ ಒಂದು ಫಲಿತಾಂಶವನ್ನು ಕೈಗೆತ್ತಿಕೊಂಡು ಹಿಂದಕ್ಕೆ ನಡೆಯಿರಿ. ಇದರಲ್ಲಿರುವ ಪ್ರತಿಯೊಬ್ಬರೂ ಯಾವ ಹಂತದಲ್ಲಿ ಒಳಗೆ ಬಂದರೆಂದು ಖಚಿತವಾಗಿ ಹೇಳಲು ಸಾಧ್ಯವೇ? ಪ್ರಕರಣಗಳಾಗಿ ಬಿಡಿಸಿದ ವಿಧಾನದಲ್ಲಿ ಮಹಿಳೆಯರು ಮಹಿಳೆಯರ ಹಂತದಲ್ಲಿ, ಪುರುಷರು ಪುರುಷರ ಹಂತದಲ್ಲಿ ಬಂದರೆಂದು ಕಣ್ಣು ಮುಚ್ಚಿ ಹೇಳಬಹುದು. ನಿಮ್ಮ ವಿಧಾನದಲ್ಲಿ ಚಂದ್ರಿಕಾ ಯಾವ ಹಂತದಲ್ಲಿ ಬಂದರೆಂದು ಹೇಳಲಾಗುವುದಿಲ್ಲ. ಹೇಳಲಾಗದಿದ್ದರೆ ಮರುಎಣಿಕೆ ಆಗಿದೆ ಎಂದೇ ತಿಳಿಯಿರಿ.

ಇಷ್ಟಾದರೂ ಅನುಮಾನ ಉಳಿದರೆ ಸಂಖ್ಯೆಗಳನ್ನು ಕುಗ್ಗಿಸಿ, ಪಟ್ಟಿಯನ್ನೇ ಬರೆದುಬಿಡಿ. ಅ, ಆ, ಇ ಎಂಬ ಮೂವರು ಮಹಿಳೆಯರು, ಕ, ಖ ಎಂಬ ಇಬ್ಬರು ಪುರುಷರು. ಕನಿಷ್ಠ ಇಬ್ಬರು ಮಹಿಳೆಯರಿರುವ ಮೂವರ ಸಮಿತಿ. ಸಮಿತಿಗಳು ಅಆಕ, ಅಆಖ, ಅಇಕ, ಅಇಖ, ಆಇಕ, ಆಇಖ, ಅಆಇ, ಒಟ್ಟು ಏಳು. ನಿಮ್ಮ ವಿಧಾನದಲ್ಲಿ ಮೂವರಲ್ಲಿ ಇಬ್ಬರನ್ನು ಆರಿಸಲು 3 ರೀತಿ, ಉಳಿದ ಮೂವರಲ್ಲಿ ಒಬ್ಬರಿಗೆ 3 ರೀತಿ, ಒಟ್ಟು 9. ಹೆಚ್ಚಾದ ಎರಡು ಎಲ್ಲಿಂದ ಬಂದವೆಂದರೆ, ಕೊನೆಯ ಅಆಇ ಮೂರು ಬಾರಿ ಎಣಿಕೆಯಾಗಿದೆ. ಅರ್ಧ ನಿಮಿಷದ ಈ ಕೆಲಸವನ್ನು ಪರೀಕ್ಷೆಯ ಆತುರದಲ್ಲಿ ಯಾರೂ ಮಾಡುವುದಿಲ್ಲ, ಆದರೆ ಅಭ್ಯಾಸದ ಹೊತ್ತಿನಲ್ಲಿ ಇದನ್ನು ಮಾಡಿದವರಿಗೆ ಪರೀಕ್ಷೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ಕಳೆಯುವ ವಿಧಾನವನ್ನು ಹೊಗಳಿದ ಮೇಲೆ ಅದರ ಹೊಂಡವನ್ನೂ ತೋರಿಸಬೇಕು. 5 ಹುಡುಗರು ಮತ್ತು 3 ಹುಡುಗಿಯರನ್ನು ಒಂದು ಸಾಲಿನಲ್ಲಿ, ಯಾವ ಇಬ್ಬರು ಹುಡುಗಿಯರೂ ಅಕ್ಕಪಕ್ಕ ಬಾರದಂತೆ, ನಿಲ್ಲಿಸಬೇಕೆಂದುಕೊಳ್ಳಿ. ಒಟ್ಟು ಸಾಲುಗಳು 8! = 40320. ಮೂವರು ಹುಡುಗಿಯರೂ ಒಟ್ಟಿಗಿರುವ ಸಾಲುಗಳು, ಅವರನ್ನು ಒಂದೇ ಘಟಕವೆಂದು ಹಿಡಿದರೆ, 6! × 3! = 4320. ಕಳೆದರೆ 36000 ಎಂದು ಬರೆದು ಮುಗಿಸುವವರು ಬಹಳ. ಆದರೆ "ಯಾವ ಇಬ್ಬರೂ ಅಕ್ಕಪಕ್ಕ ಇಲ್ಲ" ಎಂಬುದರ ವಿರುದ್ಧ ಸ್ಥಿತಿ "ಮೂವರೂ ಒಟ್ಟಿಗಿದ್ದಾರೆ" ಎಂಬುದಲ್ಲ. ಇಬ್ಬರು ಮಾತ್ರ ಒಟ್ಟಿಗಿದ್ದು ಮೂರನೆಯವಳು ದೂರದಲ್ಲಿರುವ ಸಾಲುಗಳೂ ಬೇಡವಾದವುಗಳೇ. ಅಂಥವು 21600 ಇವೆ. ಸರಿಯಾದ ದಾರಿಯೆಂದರೆ ಮೊದಲು ಹುಡುಗರನ್ನು 5! = 120 ರೀತಿಯಲ್ಲಿ ನಿಲ್ಲಿಸಿ, ಅವರ ನಡುವೆ ಮತ್ತು ಎರಡು ತುದಿಗಳಲ್ಲಿ ಸಿಗುವ 6 ಜಾಗಗಳಲ್ಲಿ ಮೂರನ್ನು ಹುಡುಗಿಯರಿಗೆ 6 × 5 × 4 = 120 ರೀತಿಯಲ್ಲಿ ಕೊಡುವುದು. ಉತ್ತರ 14400, ಮತ್ತು 14400 + 21600 + 4320 ಕೂಡಿದರೆ 40320 ಆಗುವುದರಿಂದ ಏನೂ ತಪ್ಪಿಹೋಗಿಲ್ಲ. ಇಬ್ಬರೇ ಹುಡುಗಿಯರಿದ್ದರೆ ಮಾತ್ರ ಕಳೆಯುವ ಸರಳ ವಿಧಾನ ಸಾಕಾಗುತ್ತದೆ.

ಪುಸ್ತಕಗಳ ಲೆಕ್ಕ ಇನ್ನು ಸುಲಭ. ನೀವು 6ರಿಂದ 2, ಉಳಿದ 4ರಿಂದ 2, ಕೊನೆಯ 2ರಿಂದ 2 ಎಂದು 15 × 6 × 1 = 90 ಮಾಡಿದ್ದೀರಿ. ಹೀಗೆ ಮಾಡುವಾಗ ಮೊದಲನೆಯ ಗುಂಪು, ಎರಡನೆಯ ಗುಂಪು, ಮೂರನೆಯ ಗುಂಪು ಎಂದು ಗುಂಪುಗಳಿಗೆ ಹೆಸರಿಟ್ಟಂತಾಯಿತು. ಪ್ರಶ್ನೆಯಲ್ಲಿ ಗುಂಪುಗಳಿಗೆ ಹೆಸರಿಲ್ಲ. ಮೂರು ಗುಂಪುಗಳನ್ನು 3! = 6 ರೀತಿಯಲ್ಲಿ ಅದಲುಬದಲು ಮಾಡಿದರೂ ಮೇಜಿನ ಮೇಲೆ ಇರುವುದು ಅದೇ ಮೂರು ಗುಂಪು. ಪುಸ್ತಕಗಳೆಲ್ಲ ಬೇರೆ ಬೇರೆಯಾದ್ದರಿಂದ ಪ್ರತಿಯೊಂದು ವಿಂಗಡಣೆಯೂ ಸರಿಯಾಗಿ ಆರು ಬಾರಿ ಬಂದಿದೆ, ಹಾಗಾಗಿ ಇಲ್ಲಿ ಭಾಗಾಕಾರ ಸಲ್ಲುತ್ತದೆ: 90 ÷ 6 = 15. ನೇರವಾಗಿಯೂ ನೋಡಬಹುದು. ಯಾವುದಾದರೂ ಒಂದು ಪುಸ್ತಕವನ್ನು ಹಿಡಿಯಿರಿ, ಅದಕ್ಕೆ ಜೊತೆಯಾಗಲು 5 ಆಯ್ಕೆ. ಉಳಿದ ನಾಲ್ಕರಲ್ಲಿ ಒಂದನ್ನು ಹಿಡಿದರೆ ಅದರ ಜೊತೆಗೆ 3 ಆಯ್ಕೆ. ಕೊನೆಯ ಎರಡು ತಾವಾಗಿಯೇ ಜೋಡಿ. 5 × 3 = 15. ಇದೇ ಪುಸ್ತಕಗಳನ್ನು ಮೂವರು ಮಕ್ಕಳಿಗೆ ಎರಡೆರಡು ಕೊಡುವುದಾದರೆ ಮಕ್ಕಳೇ ಗುಂಪುಗಳ ಹೆಸರು, ಆಗ 90 ಸರಿ. ಗುಂಪುಗಳ ಗಾತ್ರ 1, 2, 3 ಎಂದು ಬೇರೆ ಬೇರೆಯಾಗಿದ್ದರೆ ಗಾತ್ರವೇ ಗುರುತಾಗಿಬಿಡುವುದರಿಂದ 6 × 10 × 1 = 60 ಎಂಬುದನ್ನು ಭಾಗಿಸಬಾರದು. 4, 1, 1 ಎಂದಿದ್ದರೆ ಸಮ ಗಾತ್ರದ ಎರಡು ಗುಂಪುಗಳಿಗಾಗಿ ಮಾತ್ರ 2ರಿಂದ ಭಾಗಿಸಬೇಕು: 15 × 2 ÷ 2 = 15. "ಗುಂಪುಗಳ ಲೆಕ್ಕಕ್ಕೆ ಗುಂಪುಗಳ ಸಂಖ್ಯೆಯ ಫ್ಯಾಕ್ಟೋರಿಯಲ್‌ನಿಂದ ಭಾಗಿಸು" ಎಂದು ಸೂತ್ರ ಕಲಿತವರು ಈ ಎರಡು ಕಡೆ ತಪ್ಪುತ್ತಾರೆ.

ವೃತ್ತಾಕಾರದಲ್ಲಿ ಕುಳ್ಳಿರಿಸುವ ಲೆಕ್ಕವೂ ಇದೇ ಜಾತಿಯದು. 8 ಜನರನ್ನು ದುಂಡುಮೇಜಿನ ಸುತ್ತ ಕುಳ್ಳಿರಿಸಿದಾಗ ಎಲ್ಲರೂ ಒಂದೊಂದು ಸ್ಥಾನ ಸರಿದರೆ ಅದನ್ನು ಹೊಸ ವ್ಯವಸ್ಥೆ ಎನ್ನುವುದಿಲ್ಲ, ಆದ್ದರಿಂದ 8! ÷ 8 = 5040. 8 ಬೇರೆ ಬೇರೆ ಮಣಿಗಳ ಸರವಾದರೆ ಮಗುಚಿ ಹಿಡಿದರೂ ಅದೇ ಸರ, ಮತ್ತೆ ಅರ್ಧ: 2520.

ವಸ್ತುಗಳಲ್ಲಿಯೇ ಕೆಲವು ಒಂದೇ ತೆರನಾಗಿದ್ದಾಗ ಏನಾಗುತ್ತದೆಂದು ಈಗ ನೋಡಬೇಕು, ಏಕೆಂದರೆ ನಿಮ್ಮ ಪೆನ್ನುಗಳು ಅಲ್ಲಿಗೇ ಸೇರಿದವು. "ನವನವೀನ" ಎಂಬ ಪದದ ಅಕ್ಷರಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು? ನ, ವ, ನ, ವೀ, ನ ಎಂಬ ಐದು ಅಕ್ಷರಗಳಿವೆ, ಅದರಲ್ಲಿ ನ ಮೂರು ಬಾರಿ ಬಂದಿದೆ. ಮೂರು ನಕಾರಗಳಿಗೂ ಬೇರೆ ಬೇರೆ ಬಣ್ಣ ಹಚ್ಚಿದ್ದರೆ 5! = 120 ಜೋಡಣೆಗಳಾಗುತ್ತಿದ್ದವು. ಬಣ್ಣ ಅಳಿಸಿದ ಕೂಡಲೇ ಆರಾರು ಜೋಡಣೆಗಳು ಒಂದಾಗಿ 20 ಉಳಿಯುತ್ತವೆ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ (1150) 4, 8, 5, 5, 5 ಎಂಬ ಅಂಕಗಳಿಂದ ಎಷ್ಟು ಸಂಖ್ಯೆಗಳಾಗುತ್ತವೆ ಎಂಬ ಪ್ರಶ್ನೆಯಿದೆ. ನಮ್ಮ ಲೆಕ್ಕದ ಅಚ್ಚೇ ಅದರದ್ದೂ, ಉತ್ತರವೂ 20. ಅವರು ಅಲ್ಲಿಗೆ ನಿಲ್ಲದೆ ಆ ಎಲ್ಲ ಸಂಖ್ಯೆಗಳ ಮೊತ್ತವನ್ನೂ ಕೇಳುತ್ತಾರೆ: ಅಂಕಗಳ ಮೊತ್ತ 27, ಸರಾಸರಿಯಾಗಿ ಪ್ರತಿ ಸ್ಥಾನಕ್ಕೂ 20 × 27 ÷ 5 = 108 ಬೀಳುತ್ತದೆ, ಅದನ್ನು 11111ರಿಂದ ಗುಣಿಸಿದರೆ 11,99,988. ಪಟ್ಟಿಯನ್ನು ಬರೆಯದೆಯೇ ಪಟ್ಟಿಯ ಮೊತ್ತ ಹೇಳುವ ಈ ಲೆಕ್ಕವನ್ನು ಒಮ್ಮೆ ನೀವೇ ಮಾಡಿ ನೋಡಿ.

ಅಕ್ಷರಗಳನ್ನೆಲ್ಲ ಸಾಲಿನಲ್ಲಿಡುವಾಗ ಮರುಎಣಿಕೆ ಸಮನಾಗಿರುತ್ತದೆ. ಆದರೆ ಒಂದೇ ತೆರನಾದ ವಸ್ತುಗಳಿಂದ ಆಯ್ಕೆ ಮಾಡುವಾಗ ಹಾಗಿರುವುದಿಲ್ಲ. ಕೆಂಪು, ನೀಲಿ, ಹಸಿರು ಎಂಬ ಮೂರು ಬಣ್ಣಗಳಲ್ಲಿ ಯಥೇಚ್ಛ ಚೆಂಡುಗಳಿವೆ, ಎರಡನ್ನು ಆರಿಸಬೇಕು, ಎರಡೂ ಒಂದೇ ಬಣ್ಣದವಾದರೂ ಸರಿ. ಕ್ರಮವಿಟ್ಟು ಆರಿಸಿದರೆ 3 × 3 = 9. ಕ್ರಮ ಬೇಡ ಎಂದು 2ರಿಂದ ಭಾಗಿಸಿದರೆ ನಾಲ್ಕೂವರೆ. ಇಂಥ ಅಸಂಬದ್ಧ ಉತ್ತರ ಬಂದದ್ದೇ ನಮ್ಮ ಅದೃಷ್ಟ, ಏಕೆಂದರೆ ನಾಲ್ಕು ಬಣ್ಣಗಳಿದ್ದಿದ್ದರೆ 16 ÷ 2 = 8 ಎಂದು ಪೂರ್ಣಾಂಕವೇ ಬಂದು ತಪ್ಪು ಮರೆಯಾಗುತ್ತಿತ್ತು. ಕೆಂಪು-ನೀಲಿ ಎಂಬುದು ಎರಡು ಬಾರಿ ಎಣಿಕೆಯಾಗಿದೆ, ಕೆಂಪು-ಕೆಂಪು ಎಂಬುದು ಒಂದೇ ಬಾರಿ. ನಿಜವಾದ ಉತ್ತರ, ಬೇರೆ ಬಣ್ಣದ 3 ಜೋಡಿಗಳು ಮತ್ತು ಒಂದೇ ಬಣ್ಣದ 3 ಜೋಡಿಗಳು ಸೇರಿ 6.

ಇಂಥಲ್ಲಿ ಭಾಗಾಕಾರವನ್ನು ಕೈಬಿಟ್ಟು ಫಲಿತಾಂಶವನ್ನೇ ಬೇರೆ ರೂಪದಲ್ಲಿ ಬರೆಯುವುದು ಜಾಣತನ. ನಿಮ್ಮ 10 ಪೆನ್ನುಗಳನ್ನು ಹತ್ತು ಚುಕ್ಕೆಗಳಾಗಿ ಒಂದೇ ಸಾಲಿನಲ್ಲಿ ಇಟ್ಟು, ನಡುನಡುವೆ ಮೂರು ಗೆರೆಗಳನ್ನು ಎಳೆಯಿರಿ:

● ● ● | ● ● | ● ● ● ● ● |

ಮೊದಲ ಗೆರೆಯವರೆಗಿನದು ಮೊದಲನೆಯ ಮಗುವಿಗೆ, ಮೊದಲ ಮತ್ತು ಎರಡನೆಯ ಗೆರೆಗಳ ನಡುವಿನದು ಎರಡನೆಯ ಮಗುವಿಗೆ, ಹೀಗೆ. ಮೇಲಿನ ಚಿತ್ರವು 3, 2, 5, 0 ಎಂಬ ಹಂಚಿಕೆಯನ್ನು ಹೇಳುತ್ತದೆ. ಕೊನೆಯ ಗೆರೆಯ ಆಚೆ ಏನೂ ಇಲ್ಲದ್ದರಿಂದ ನಾಲ್ಕನೆಯ ಮಗುವಿಗೆ ಏನೂ ಸಿಕ್ಕಿಲ್ಲ. ಹಿಂದಕ್ಕೆ ನಡೆದು ಪರೀಕ್ಷಿಸಿ: ಒಂದು ಹಂಚಿಕೆಗೆ ಒಂದೇ ಚಿತ್ರ, ಒಂದು ಚಿತ್ರಕ್ಕೆ ಒಂದೇ ಹಂಚಿಕೆ. ಚುಕ್ಕೆ ಮತ್ತು ಗೆರೆಗಳು ಸೇರಿ 13 ಸ್ಥಾನಗಳು, ಅದರಲ್ಲಿ ಗೆರೆಗಳಿಗೆ 3 ಸ್ಥಾನಗಳನ್ನು ಆರಿಸಿದರೆ ಎಲ್ಲವೂ ನಿಶ್ಚಯವಾಗುತ್ತದೆ: 13 × 12 × 11 ÷ 6 = 286. ಪ್ರತಿ ಮಗುವಿಗೂ ಕನಿಷ್ಠ ಒಂದು ಪೆನ್ನು ಸಿಗಬೇಕಿದ್ದರೆ ಮೊದಲೇ ತಲಾ ಒಂದನ್ನು ಕೊಟ್ಟುಬಿಟ್ಟು ಉಳಿದ ಆರನ್ನು ಹಂಚಿ. ಆಗ 9 ಸ್ಥಾನಗಳಲ್ಲಿ 3 ಗೆರೆ, ಅಂದರೆ 84. ಸಮಿತಿಯ ಲೆಕ್ಕದಲ್ಲಿ ತಪ್ಪು ತಂದ "ಮೊದಲು ಷರತ್ತು ಪೂರೈಸು, ಆಮೇಲೆ ತುಂಬಿಸು" ಎಂಬ ಅದೇ ವಿಧಾನ ಇಲ್ಲಿ ಸರಿಯಾಗುವುದನ್ನು ಗಮನಿಸಿ. ಪೆನ್ನುಗಳಿಗೆ ಹೆಸರಿಲ್ಲ, ಆದ್ದರಿಂದ ಮೊದಲು ಕೊಟ್ಟ ಪೆನ್ನು ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ, ಮರುಎಣಿಕೆಗೆ ಅವಕಾಶವೂ ಇಲ್ಲ. ಪೆನ್ನುಗಳು ಹತ್ತೂ ಬೇರೆ ಬೇರೆಯಾಗಿದ್ದರೆ ಲೆಕ್ಕದ ಸ್ವರೂಪವೇ ಬೇರೆ: ಪ್ರತಿ ಪೆನ್ನೂ ನಾಲ್ವರಲ್ಲಿ ಒಬ್ಬರ ಪಾಲಾಗುವುದರಿಂದ 4ನ್ನು ಹತ್ತು ಬಾರಿ ಗುಣಿಸಿದ 10,48,576.

ನಿಮ್ಮ ಪುಸ್ತಕದ ಮುಂದಿನ ಲೆಕ್ಕ ಬಹುಶಃ "ಯಾರಿಗೂ 4ಕ್ಕಿಂತ ಹೆಚ್ಚು ಸಿಗಬಾರದು" ಎಂಬ ಷರತ್ತಿನದಾಗಿರುತ್ತದೆ, ಆದ್ದರಿಂದ ಅದನ್ನೂ ಮಾಡಿಬಿಡೋಣ. 286ರಿಂದ, ಯಾರಿಗಾದರೂ 5 ಅಥವಾ ಹೆಚ್ಚು ಸಿಕ್ಕ ಹಂಚಿಕೆಗಳನ್ನು ತೆಗೆಯಬೇಕು. ಒಂದು ಮಗುವಿಗೆ ಮೊದಲೇ 5 ಕೊಟ್ಟು ಉಳಿದ 5ನ್ನು ನಾಲ್ವರಿಗೂ ಹಂಚುವುದು 8 ಸ್ಥಾನಗಳಲ್ಲಿ 3 ಗೆರೆ, ಅಂದರೆ 56 ರೀತಿ; ನಾಲ್ಕು ಮಕ್ಕಳಿಗೆ 224. ಆದರೆ ಇಬ್ಬರಿಗೆ ಐದೈದು ಸಿಕ್ಕ ಹಂಚಿಕೆಗಳನ್ನು ಇಬ್ಬರ ಹೆಸರಿನಲ್ಲೂ ಒಂದೊಂದು ಬಾರಿ, ಅಂದರೆ ಎರಡು ಬಾರಿ ಕಳೆದಂತಾಯಿತು. ಅಂಥವು 6 ಇವೆ, ಅವನ್ನು ಒಮ್ಮೆ ಮರಳಿ ಕೂಡಿಸಬೇಕು. 286 − 224 + 6 = 68. ಪಟ್ಟಿಯಿಂದಲೂ ತಾಳೆ ನೋಡಬಹುದು: 4-4-2-0 ಎಂಬುದನ್ನು ಮಕ್ಕಳ ನಡುವೆ 12 ರೀತಿಯಲ್ಲಿ; 4-4-1-1 ಎಂಬುದನ್ನು 6; 4-3-3-0 ಎಂಬುದನ್ನು 12; 4-3-2-1 ಎಂಬುದನ್ನು 24; 4-2-2-2 ಎಂಬುದನ್ನು 4; 3-3-3-1 ಎಂಬುದನ್ನು 4; ಮತ್ತು 3-3-2-2 ಎಂಬುದನ್ನು 6 ರೀತಿಯಲ್ಲಿ ಕೊಡಬಹುದು. ಕೂಡಿದರೆ 68.